ಕಿಟ್ಟೆಲ್ ಸಾಹೇಬರೂ ಶಿಲುಬೆಯ ಬಾಕಿ ಲೆಕ್ಕವೂ

ಕಿಟ್ಟೆಲ್ ಅಂದ್ರೆ ನಮಗೆಲ್ಲ ನಿಘಂಟು. 1894ರಲ್ಲಿ ಮಂಗಳೂರಲ್ಲಿ ಅಚ್ಚಾದ, ಸುಮಾರು 70,000 ಪದಗಳ ಆ ದಪ್ಪ ಪುಸ್ತಕದಲ್ಲಿ ಕನ್ನಡ ಮಾತಿನ ಪಕ್ಕಕ್ಕೇ ಅದರ ತೆಲುಗು, ತಮಿಳು ನಂಟರನ್ನೂ ಕೂರಿಸಿದ್ದಾರೆ. ಮನೇಲಿ ತೆಲುಗು, ಹೊಲದಲ್ಲಿ ಕನ್ನಡ, ಸಂತೇಲಿ ತಮಿಳು ಆಡುವ ನನ್ನಂಥವನಿಗೆ ಅದೊಂದು ಕೂಡುಕುಟುಂಬ. ಆದರೆ ಅವರು ಜರ್ಮನಿ ಬಿಟ್ಟು ಬಂದದ್ದು ನಿಘಂಟಿಗಲ್ಲ, ಶಿಲುಬೆಯ ಸುದ್ದಿ ಹೇಳೋದಕ್ಕೆ.

ಹುಟ್ಟಿದ್ದು 1832ರಲ್ಲಿ. 1853ರಲ್ಲಿ ಬಾಸೆಲ್ ಮಿಷನ್ನಿನ ಕೆಲಸಕ್ಕೆ ಬಂದು ಧಾರವಾಡ, ಮಂಗಳೂರು, ಮಡಿಕೇರಿ ಕಡೆ ದುಡಿದರು. ಕ್ರಿಸ್ತನ ಜೀವನವನ್ನು ‘ಕಥಾಮಾಲೆ’ ಅಂತ ನಮ್ಮ ಹಾಡಿನ ಧಾಟಿಯಲ್ಲೇ ಕಟ್ಟಿದರು. 1872ರಲ್ಲಿ ಒಂದು ಕಡೆ ಕೇಶಿರಾಜನ ‘ಶಬ್ದಮಣಿದರ್ಪಣ’ ಅಚ್ಚು ಹಾಕಿಸಿದರು, ಇನ್ನೊಂದು ಕಡೆ ಬಲಿಯ ವಿಚಾರವಾಗಿ ‘ಯಜ್ಞಸುಧಾನಿಧಿ’ ಹೊರತಂದರು. ಹೆಸರು ನೋಡಿ, ಯಜ್ಞ! ಪರದೇಶದ ಸುದ್ದಿಯನ್ನು ನಮ್ಮ ಕಣಜದ ಕಾಳಿನಿಂದಲೇ ಅಳೆಯೋಕೆ ಹೊರಟಿದ್ದರು.

ಉಕ್ಕಡಂ ಕಡೆಗೆ ಕಾಯಿ ಹೇರಿಕೊಂಡು ಹೋದಾಗ ಮಂಡಿಯವರೊಬ್ಬರು ನನ್ನ ಕೇಳಿದ್ದುಂಟು: ಮೊಳೆ ಹೊಡೆಸಿಕೊಂಡವನು ತನ್ನನ್ನೇ ಉಳಿಸಿಕೊಳ್ಳಲಿಲ್ಲ, ಲೋಕವನ್ನು ಹೇಗೆ ಉಳಿಸ್ತಾನೆ ಅಂತ. ಕೇಳತಕ್ಕ ಮಾತೇ. ಮಾರಮ್ಮನಿಗೆ ನಾವು ಕುರಿ ಕೊಡ್ತೀವಿ. ಕೊಡೋನು ಮನುಷ್ಯ, ತಗೊಳ್ಳೋಳು ದೇವಿ, ಜಾತ್ರೆ ಬಂದರೆ ಮತ್ತೆ ಕೊಡಬೇಕು. ಕ್ರೈಸ್ತರ ನಂಬಿಕೇಲಿ ಇದು ತಿರುಗುಮುರುಗು. ದೇವರೇ ಮನುಷ್ಯನಾಗಿ ಬಂದು ತನ್ನನ್ನೇ ಕೊಟ್ಟ. ಒಂದೇ ಸಲ, ಎಲ್ಲರ ಪರವಾಗಿ. ಪಾಪ ಅನ್ನೋದು ನಮ್ಮಿಂದ ತೀರದ ಬಾಕಿ. ಸಾಲ ಕೊಟ್ಟ ಸಾಹುಕಾರನೇ ನಷ್ಟ ಹೊತ್ತು ಪತ್ರ ಹರಿದ ಹಾಗೆ ಅದು. ಸುಮ್ಮನೆ ಮನ್ನಾ ಮಾಡಬಹುದಿತ್ತಲ್ಲ ಅಂತೀರಾ? ಮನ್ನಾ ಮಾಡಿದರೂ ಹಣ ಯಾರದೋ ಗಂಟಿನಿಂದ ಹೋಗೇ ಹೋಗುತ್ತೆ, ವ್ಯಾಪಾರಿಗೆ ಇದು ಗೊತ್ತು. ಶಿಲುಬೆಯಿಂದ ಇಳಿದಿದ್ದರೆ ಅವನು ಉಳೀತಿದ್ದ, ಬಾಕಿ ಹಾಗೇ ನಿಲ್ತಿತ್ತು. ಮೂರನೇ ದಿನ ಎದ್ದು ಬಂದದ್ದೇ ಲೆಕ್ಕ ಚುಕ್ತಾ ಆದದ್ದಕ್ಕೆ ರುಜು ಅಂತ ಅವರು ನಂಬ್ತಾರೆ. ಒಪ್ಪೋದು ಬಿಡೋದು ಅವರವರಿಗೆ ಬಿಟ್ಟದ್ದು. ಆದರೆ ಸೋತವನ ಕಥೆ ಅಂತ ತಳ್ಳಿಹಾಕೋ ಹಾಗಿಲ್ಲ.

ಕಿಟ್ಟೆಲ್ಲರ ಕಷ್ಟ ನನಗೆ ಅರ್ಥವಾಗುತ್ತೆ. ಯಜ್ಞ, ಬಲಿ ಅನ್ನೋ ಪಾತ್ರೆಗಳು ಖಾಲಿ ಇರಲಿಲ್ಲ, ನಮ್ಮದೇ ಅರ್ಥ ತುಂಬಿತ್ತು. ಎರಡು ಭಾಷೇಲಿ ಪದ್ಯ ಕಟ್ಟೋನಿಗೆ ಈ ಪೇಚು ದಿನಾ ಇದ್ದದ್ದೇ. ಒಂದು ಮಾತಿನ ಹೊಟ್ಟೆಯೊಳಗೆ ಏನಿದೆ ಅಂತ ತಿಳೀದೆ ಬೋಧನೆ ಸಾಗೋದಿಲ್ಲ. ನಿಘಂಟಿಗಾಗಿ ಇಪ್ಪತ್ತಕ್ಕೂ ಹೆಚ್ಚು ವರ್ಷ ಸವೆಸಿದ್ದು ಅದಕ್ಕೇ ಇರಬೇಕು.

1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಿತು. 1903ರಲ್ಲಿ ಅವರ ಕನ್ನಡ ವ್ಯಾಕರಣ ಹೊರಬಂತು. ಅದೇ ವರ್ಷ ಡಿಸೆಂಬರಿನಲ್ಲಿ, ಅದೇ ಟ್ಯೂಬಿಂಗೆನ್ನಿನಲ್ಲಿ ಕಣ್ಣು ಮುಚ್ಚಿದರು.