ಐದನೆಯ ಎಸೆತ

ಬೋಧನಾಭ್ಯಾಸಕ್ಕೆ ಹೊರಡುವ ಪ್ರಶಿಕ್ಷಣಾರ್ಥಿಗಳಿಗೆ ನಾನು ಪ್ರತಿವರ್ಷ ಒಬ್ಬ ಕ್ರೀಡಾಪಟುವಿನ ಬದುಕನ್ನು ಹೇಳುತ್ತೇನೆ. ಅವರು ಅಮೆರಿಕದ ಚಕ್ರ ಎಸೆತಗಾರ ಅಲ್ ಓರ್ಟರ್. ಅಥ್ಲೆಟಿಕ್ಸ್‌ನ ಒಂದೇ ಸ್ಪರ್ಧೆಯಲ್ಲಿ ಸತತ ನಾಲ್ಕು ಒಲಿಂಪಿಕ್ಸ್‌ಗಳ ಚಿನ್ನ ಗೆದ್ದ ಮೊದಲಿಗರು. ಆದರೆ ಪದಕಗಳ ಲೆಕ್ಕಕ್ಕಾಗಿ ನಾನು ಅವರನ್ನು ಆರಿಸಿಕೊಂಡಿಲ್ಲ. ಕಲಿಯುವವರಿಗೆ ಯಾರು, ಯಾವಾಗ, ಎಷ್ಟು ಹೇಳಬೇಕು ಎಂಬುದು ನಮ್ಮ ವೃತ್ತಿಯ ದೊಡ್ಡ ಪ್ರಶ್ನೆ. ಅದಕ್ಕೆ ಅವರ ಬದುಕಿನಲ್ಲಿ ಉತ್ತರ ಸಿಗುತ್ತದೆ.

ಓರ್ಟರ್ ಹುಟ್ಟಿದ್ದು 1936ರ ಸೆಪ್ಟೆಂಬರ್ 19ರಂದು, ನ್ಯೂಯಾರ್ಕ್‌ನಲ್ಲಿ. ಪ್ರೌಢಶಾಲೆಯಲ್ಲಿ ಅವರು ಓಟದ ಅಭ್ಯಾಸ ಮಾಡುತ್ತಿದ್ದ ಹುಡುಗ. ಹದಿನೈದರ ವಯಸ್ಸಿನಲ್ಲಿ ಒಂದು ದಿನ ಯಾರೋ ಎಸೆದ ಚಕ್ರ ಅವರ ಕಾಲ ಬಳಿ ಬಂದು ಬಿತ್ತು. ಎತ್ತಿ ವಾಪಸು ಎಸೆದರು. ಅದು ಎಸೆತಗಾರರ ತಲೆಯ ಮೇಲಿಂದ ಹಾದು ಆಚೆ ಬಿತ್ತು. ಅದನ್ನು ಕಂಡ ತರಬೇತುದಾರರು ಹುಡುಗನನ್ನು ಚಕ್ರ ಎಸೆತಕ್ಕೆ ಹಚ್ಚಿದರು. ಪಟ್ಟಿಯಲ್ಲಿ ಓಟಗಾರನೆಂದು ಬರೆದಿದ್ದ ಹುಡುಗನಲ್ಲಿ ಇನ್ನೊಂದು ಶಕ್ತಿಯನ್ನು ನೋಡುವ ಕಣ್ಣು ಆ ಮೈದಾನದಲ್ಲಿತ್ತು. ಆ ಕಣ್ಣು ನಮ್ಮ ತರಗತಿಗಳಲ್ಲೂ ಇರಬೇಕು.

ಕ್ರೀಡಾ ವಿದ್ಯಾರ್ಥಿವೇತನದ ಮೇಲೆ ಕಾನ್ಸಾಸ್ ವಿಶ್ವವಿದ್ಯಾಲಯ ಸೇರಿದ ಓರ್ಟರ್, 1956ರಲ್ಲಿ ಮೆಲ್ಬರ್ನ್ ಒಲಿಂಪಿಕ್ಸ್‌ಗೆ ಹೋದಾಗ ಇಪ್ಪತ್ತರ ತರುಣ. ವಿಶ್ವದಾಖಲೆ ಅವರದೇ ದೇಶದ ಫಾರ್ಚೂನ್ ಗೋರ್ಡಿಯನ್ ಹೆಸರಿನಲ್ಲಿತ್ತು. ಓರ್ಟರ್ ಮೊದಲ ಎಸೆತದಲ್ಲೇ 56.36 ಮೀಟರ್ ದಾಟಿಸಿ ಚಿನ್ನ ಗೆದ್ದರು. ಮರುವರ್ಷ ಕಾರು ಅಪಘಾತದಲ್ಲಿ ಜೀವ ಹೋಗುವಷ್ಟು ಪೆಟ್ಟಾಯಿತು. ಚೇತರಿಸಿಕೊಂಡು ಮತ್ತೆ ವೃತ್ತದೊಳಗೆ ನಿಂತರು.

1960ರ ರೋಮ್ ಸ್ಪರ್ಧೆಯನ್ನು ನಾನು ನಿಧಾನವಾಗಿ ಹೇಳುತ್ತೇನೆ. ಫೈನಲ್‌ನಲ್ಲಿ ಮುಂಚೂಣಿಯ ಸ್ಪರ್ಧಿಗಳಿಗೆ ಆರು ಎಸೆತ. ಓರ್ಟರ್ ಅವರ ಸಹಆಟಗಾರ ರಿಂಕ್ ಬಾಬ್ಕಾ 58.02 ಮೀಟರ್ ಎಸೆದು ಮುಂದಿದ್ದರು. ನಾಲ್ಕು ಸುತ್ತು ಮುಗಿದರೂ ಓರ್ಟರ್ ಹಿಂದೆಯೇ ಉಳಿದಿದ್ದರು. ಐದನೆಯ ಎಸೆತಕ್ಕೆ ಮುನ್ನ ಬಾಬ್ಕಾ ಅವರ ಹತ್ತಿರ ಬಂದು ಎಡಗೈಯ ಸ್ಥಾನ ಸರಿಯಿಲ್ಲವೆಂದೂ ಅದನ್ನು ಸರಿಪಡಿಸಿಕೊಳ್ಳಬೇಕೆಂದೂ ತಿಳಿಸಿದರು. ಓರ್ಟರ್ ಹಾಗೆಯೇ ಮಾಡಿದರು. ಚಕ್ರ 59.18 ಮೀಟರ್ ಹೋಯಿತು. ಚಿನ್ನ ಓರ್ಟರ್‌ಗೆ, ಬೆಳ್ಳಿ ಬಾಬ್ಕಾಗೆ.

ಬಾಬ್ಕಾ ಸುಮ್ಮನಿದ್ದಿದ್ದರೆ ಚಿನ್ನ ಬಹುಶಃ ಅವರದೇ ಆಗುತ್ತಿತ್ತು. ಅವರು ಕೊಟ್ಟ ಹಿಮ್ಮಾಹಿತಿಯ ಗುಣವನ್ನೂ ನೋಡಬೇಕು. ಕಾಲು, ಸೊಂಟ, ತಿರುಗುವ ವೇಗ ಎಂದು ಪಟ್ಟಿ ಮಾಡಲಿಲ್ಲ. ಕಣ್ಣಿಗೆ ಕಂಡ ಒಂದೇ ಅಂಶವನ್ನು, ಮುಂದಿನ ಎಸೆತದಲ್ಲೇ ಬಳಸಬಹುದಾದಂತೆ ಹೇಳಿದರು. ಸಹಪಾಠಿಯ ಅಭ್ಯಾಸ ಪಾಠ ನೋಡಿ ನಮ್ಮವರು ತುಂಬುವ ಅವಲೋಕನ ಹಾಳೆಗಳನ್ನು ನಾನು ವರ್ಷಗಳಿಂದ ಓದುತ್ತಿದ್ದೇನೆ. ಕೆಲವದರಲ್ಲಿ ಪಾಠ ಚೆನ್ನಾಗಿತ್ತು ಎಂಬ ಒಂದೇ ಸಾಲು. ಕೆಲವದರಲ್ಲಿ ಹದಿನೈದು ದೋಷಗಳು. ಮೊದಲನೆಯದು ಸ್ನೇಹ ಉಳಿಸಿಕೊಳ್ಳಲು ಬರೆದದ್ದು, ಎರಡನೆಯದು ಅವಲೋಕಿಸಿದವರ ಜಾಣತನ ತೋರಿಸಲು ಬರೆದದ್ದು. ಎರಡರಿಂದಲೂ ನಾಳೆ ಪಾಠ ಮಾಡಬೇಕಾದವರಿಗೆ ಉಪಯೋಗವಿಲ್ಲ. ನಷ್ಟ ಅವರ ಅಂಕಗಳಿಗಷ್ಟೇ ಅಲ್ಲ, ಎದುರು ಕೂತ ಮಕ್ಕಳಿಗೂ ಆಗುತ್ತದೆ.

ಮುಂದಿನ ದಿನಗಳಲ್ಲಿ ಓರ್ಟರ್ ಹೆಚ್ಚಾಗಿ ತರಬೇತುದಾರರಿಲ್ಲದೆ ಅಭ್ಯಾಸ ಮಾಡಿದರು. ಜೀವನೋಪಾಯಕ್ಕೆ ವಿಮಾನ ತಯಾರಿಕೆಯ ಕಂಪನಿಯೊಂದರಲ್ಲಿ ಕಂಪ್ಯೂಟರ್ ಕೆಲಸ. ಮುಟ್ಟಬೇಕಾದ ದೂರದಲ್ಲಿ ಒಂದು ಟವೆಲ್ ಹಾಸಿ, ಅದನ್ನೇ ಗುರಿಯಾಗಿಟ್ಟು ಎಸೆಯುತ್ತಿದ್ದರು. ಪಾಠಯೋಜನೆಯ ಉದ್ದೇಶವೂ ಹೀಗೆ ಕಣ್ಣಿಗೆ ಕಾಣುವಂತಿರಬೇಕು. 1962ರಲ್ಲಿ 61.10 ಮೀಟರ್ ಎಸೆದು, ಅಧಿಕೃತ ಸ್ಪರ್ಧೆಯಲ್ಲಿ 200 ಅಡಿ ದಾಟಿದ ಮೊದಲಿಗರಾದರು.

1964ರ ಟೋಕಿಯೊ ಹೊತ್ತಿಗೆ ವಿಶ್ವದಾಖಲೆ ಚೆಕೊಸ್ಲೊವಾಕಿಯದ ಲುಡ್ವಿಕ್ ಡಾನೆಕ್ ಕೈಸೇರಿತ್ತು. ಓರ್ಟರ್‌ಗೆ ಕುತ್ತಿಗೆಯ ತೊಂದರೆ ಮೊದಲೇ ಇತ್ತು. ಸ್ಪರ್ಧೆಗೆ ವಾರವಿಲ್ಲದಿರುವಾಗ ಪಕ್ಕೆಲುಬಿನ ಮೃದ್ವಸ್ಥಿ ಹರಿಯಿತು. ವೈದ್ಯರು ವಿಶ್ರಾಂತಿ ಹೇಳಿದರೂ ಕಣಕ್ಕಿಳಿದರು. ಮತ್ತೆ ಐದನೆಯ ಎಸೆತ, 61.00 ಮೀಟರ್, ಮೂರನೆಯ ಚಿನ್ನ. ನೋವನ್ನು ಕಡೆಗಣಿಸಿ ಆಡಿರೆಂದು ಮಕ್ಕಳಿಗೆ ಹೇಳಲು ಈ ಘಟನೆಯನ್ನು ಬಳಸಬಾರದು. ಪೆಟ್ಟಾದ ಮಗುವನ್ನು ಮೈದಾನದಿಂದ ಹೊರಗೆ ಕರೆತರುವುದೇ ಶಿಕ್ಷಕರ ಕರ್ತವ್ಯ. ಮೊದಲ ನಾಲ್ಕು ಪ್ರಯತ್ನಗಳು ಸಾಲದೆ ಹೋದಾಗಲೂ ಐದನೆಯದಕ್ಕೆ ಪೂರ್ತಿ ಮನಸ್ಸು ಕೊಡುವುದನ್ನು ಮಾತ್ರ ಇಲ್ಲಿಂದ ಕಲಿಸಬಹುದು.

1968ರಲ್ಲಿ ಮೆಕ್ಸಿಕೊ ನಗರದಲ್ಲಿ ಎಲ್ಲರ ಕಣ್ಣು 68.40 ಮೀಟರ್ ವಿಶ್ವದಾಖಲೆಯ ಜೇ ಸಿಲ್ವೆಸ್ಟರ್ ಮೇಲಿತ್ತು. ಓರ್ಟರ್ ಮೂರನೆಯ ಎಸೆತದಲ್ಲಿ 64.78 ಮೀಟರ್ ಮುಟ್ಟಿದರು. ಅಲ್ಲಿಯವರೆಗಿನ ಅವರ ಅತ್ಯುತ್ತಮ ಸಾಧನೆಯದು. ಸಿಲ್ವೆಸ್ಟರ್ ಐದನೆಯವರಾದರು. ನಾಲ್ಕೂ ಕೂಟಗಳಿಗೆ ಓರ್ಟರ್ ಹೋದಾಗ ವಿಶ್ವದಾಖಲೆ ಬೇರೆಯವರ ಹೆಸರಿನಲ್ಲಿತ್ತು. ನಾಲ್ಕರಲ್ಲೂ ಒಲಿಂಪಿಕ್ ದಾಖಲೆ ಬರೆದು ಬಂದರು.

ನಿವೃತ್ತರಾಗಿ, ವರ್ಷಗಳ ನಂತರ ಮರಳಿ, 1980ರಲ್ಲಿ ನಲವತ್ತಮೂರರ ವಯಸ್ಸಿನಲ್ಲಿ 69.46 ಮೀಟರ್ ಎಸೆದರು. ನಾಲ್ಕು ಚಿನ್ನಗಳಿಗಿಂತ ದೂರದ ಎಸೆತ ಅದು. ಆ ವರ್ಷದ ಅಮೆರಿಕದ ಆಯ್ಕೆ ಸ್ಪರ್ಧೆಯಲ್ಲಿ ನಾಲ್ಕನೆಯವರಾದರು. ಕೊನೆಗಾಲದಲ್ಲಿ ಚಿತ್ರಕಲೆಗೆ ತೊಡಗಿಕೊಂಡರು. 2007ರ ಅಕ್ಟೋಬರ್ 1ರಂದು ಫ್ಲಾರಿಡಾದಲ್ಲಿ ತೀರಿಕೊಂಡರು.

ಈ ಸಲ ಅವಲೋಕನಕ್ಕೆ ಕೂರುವ ಪ್ರಶಿಕ್ಷಣಾರ್ಥಿಗಳಲ್ಲಿ ನನ್ನ ಕೋರಿಕೆ ಇಷ್ಟೇ. ಪಾಠ ಮುಗಿದ ಮೇಲೆ, ಗೆಳೆಯರು ನಾಳೆಯ ಪಾಠದಲ್ಲೇ ಬದಲಿಸಿಕೊಳ್ಳಬಹುದಾದ ಒಂದು ಅಂಶವನ್ನು ಹುಡುಕಿ ಬರೆಯಿರಿ. ಅದರಿಂದ ಅವರಿಗೆ ನಿಮಗಿಂತ ಎರಡು ಅಂಕ ಹೆಚ್ಚು ಬರುವಂತಿದ್ದರೂ ಬರೆಯಿರಿ.