ಸೈರಣೆಯ ಶಿವಯೋಗ: ವಚನ ಪಿತಾಮಹ ಫ. ಗು. ಹಳಕಟ್ಟಿಯವರು

ಭಕ್ತನ ಬಾಳಿನಲ್ಲಿ ಎರಡು ಬಗೆಯ ಕಾಲಗಳುಂಟು. ಮಾಡಿದ ಕಾರ್ಯಕ್ಕೆ ಫಲವು ಕಣ್ಣೆದುರಿಗೇ ತೋರುವ ಕಾಲವೊಂದು. ಬಿತ್ತಿದ ಬೀಜ ಮೊಳೆಯುವುದೋ ಇಲ್ಲವೋ ಎಂದರಿಯದೆ ಮುಗಿಲನ್ನು ನೋಡುತ್ತಿರಬೇಕಾದ ಕಾಲ ಮತ್ತೊಂದು. ಮೊದಲನೆಯದರಲ್ಲಿ ಶಿವನನ್ನು ನಂಬುವುದು ಸುಲಭ. ನಂಬುಗೆಯ ಒರೆಗಲ್ಲು ಎರಡನೆಯದೇ. ಕತ್ತಲಗೆರೆಯ ಸೀಮೆಯಲ್ಲಿ ಅಡಕೆಯ ಸಸಿ ನೆಟ್ಟ ಒಕ್ಕಲುಮಗನನ್ನು ನೋಡಿರಿ. ಮೊದಲ ಗೊನೆ ಕಾಣಲು ಅವನು ಐದಾರು ವರ್ಷ ಕಾಯಬೇಕು. ಆದರೆ ಆ ವರ್ಷಗಳಲ್ಲಿ ಅವನು ಕೈಕಟ್ಟಿ ಕುಳಿತಿರುವನೇ? ನೀರೆರೆಯುತ್ತಾನೆ, ಗೊಬ್ಬರ ಹಾಕುತ್ತಾನೆ, ಎಳೆಯ ಸಸಿಗೆ ಬಾಳೆಯ ನೆರಳು ಮಾಡುತ್ತಾನೆ. ಫಲ ಶಿವನ ಕೈಯಲ್ಲಿ, ಕಾಯಕ ತನ್ನ ಕೈಯಲ್ಲಿ ಎಂಬುದು ಅವನಿಗೆ ಗೊತ್ತು. ಈ ತತ್ತ್ವವನ್ನು ತಮ್ಮ ಇಡೀ ಆಯುಷ್ಯದಿಂದ ತೋರಿಸಿದ ಮಹನೀಯರು ಶ್ರೀ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು.

ಅವರು ಜನಿಸಿದ್ದು 1880ನೆಯ ಇಸವಿಯ ಜುಲೈ 2ರಂದು, ಧಾರವಾಡದಲ್ಲಿ. ತಂದೆ ಗುರುಬಸಪ್ಪನವರು ಶಿಕ್ಷಕರೂ ಬರಹಗಾರರೂ ಆಗಿದ್ದರು. ಫಕೀರಪ್ಪನವರು ಮುಂಬಯಿಯಲ್ಲಿ ಓದಿ ಪದವೀಧರರಾದರು. 1904ರಲ್ಲಿ ಕಾಯಿದೆಯ ಪರೀಕ್ಷೆಯಲ್ಲಿ ಉತ್ತೀರ್ಣರಾಗಿ, ಮೊದಲು ಬೆಳಗಾವಿಯಲ್ಲಿ, ಬಳಿಕ ವಿಜಾಪುರದಲ್ಲಿ ವಕೀಲಿ ವೃತ್ತಿಯನ್ನು ಕೈಕೊಂಡರು. ಆ ಕಾಲದಲ್ಲಿ ವಕೀಲನೆಂದರೆ ಊರಿಗೆ ದೊಡ್ಡವನು. ಮನೆ, ಹೊಲ, ಮಾನಮರ್ಯಾದೆ ಎಲ್ಲವೂ ತಾವಾಗಿಯೇ ಬರುವ ದಾರಿ ಅದು. ಆದರೆ ಅವರ ಮನಸ್ಸನ್ನು ಸೆಳೆದುದು ಬೇರೊಂದು ನಿಧಿ.

ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಶರಣರು ಆಡಿದ ನುಡಿಗಳು ವಿಪ್ಲವದ ನಂತರ ದಿಕ್ಕುದಿಕ್ಕಿಗೆ ಚದರಿಹೋಗಿದ್ದವು. ಹದಿನೈದನೆಯ ಶತಮಾನದಲ್ಲಿ ವಿರಕ್ತಮೂರ್ತಿಗಳು ಅವನ್ನು ಸಂಕಲಿಸಿದರು. ಶಿವಗಣಪ್ರಸಾದಿ ಮಹಾದೇವಯ್ಯನವರು ಶೂನ್ಯಸಂಪಾದನೆಯನ್ನು ರಚಿಸಿದರು. ಕಾಲಾಂತರದಲ್ಲಿ ಆ ಸಂಪತ್ತು ಮತ್ತೆ ಮಠಗಳ ಗೂಡುಗಳಲ್ಲಿಯೂ ಮನೆಗಳ ಜಗುಲಿಗಳ ಮೇಲೂ ತಾಡವೋಲೆಯ ಕಟ್ಟುಗಳಾಗಿ ಉಳಿಯಿತು. ಕೆಲವೆಡೆ ಪೂಜೆಗೊಳ್ಳುತ್ತಿತ್ತು, ಕೆಲವೆಡೆ ಗೆದ್ದಲಿಗೆ ಆಹಾರವಾಗುತ್ತಿತ್ತು, ಓದುವವರು ವಿರಳ. ಶರಣರ ನುಡಿಗೂ ಒಂದು ದೀರ್ಘವಾದ ಕಾಯುವ ಕಾಲ ಬಂದಿತ್ತು.

ಹಳಕಟ್ಟಿಯವರು ಈ ಓಲೆಗಳನ್ನು ಅರಸುತ್ತ ಊರೂರು ತಿರುಗಿದರು. ಕೋರ್ಟಿನ ಕೆಲಸದ ನಡುವೆ ಬಿಡುವಾದಾಗಲೆಲ್ಲ ಅವರದು ಇದೇ ಧ್ಯಾನ. ಓಲೆಗಳನ್ನು ಕೂಡಿಹಾಕುವುದು, ಮಾಸಿದ ಅಕ್ಷರಗಳನ್ನು ಬಿಡಿಸಿ ಓದುವುದು, ಪ್ರತಿಯೆತ್ತುವುದು, ಪಾಠಗಳನ್ನು ಹೋಲಿಸುವುದು, ವಿಷಯಕ್ಕೆ ತಕ್ಕಂತೆ ವಿಂಗಡಿಸುವುದು: ಹೀಗೆ ಸುಮಾರು ಎರಡು ದಶಕಗಳು ಸಂದವು. ಇಷ್ಟರಲ್ಲಿ ಅಚ್ಚಾಗಿ ಹೊರಬಂದುದು ಅತ್ಯಲ್ಪ. ನೋಡುವವರಿಗೆ ಇದು ಫಲವಿಲ್ಲದ ದುಡಿಮೆಯೆಂದೇ ತೋರಿರಬೇಕು.

ಸಂಗ್ರಹವು ಸಿದ್ಧವಾದ ಮೇಲೂ ಕಾಯುವುದು ತಪ್ಪಲಿಲ್ಲ. ಮುದ್ರಣಕ್ಕೆಂದು ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯಕ್ಕೆ ಕಳುಹಿದ ಹಸ್ತಪ್ರತಿಯು ಅಚ್ಚಾಗದೆಯೇ ಹಿಂದಿರುಗಿತೆಂದು ಅವರ ಚರಿತ್ರೆಯನ್ನು ಬರೆದವರು ಹೇಳುತ್ತಾರೆ. ಕಡೆಗೆ 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವು ಪ್ರಕಟವಾಯಿತು. ಕನ್ನಡ ನಾಡಿಗೆ ತನ್ನ ಮನೆಯ ಹೊನ್ನು ಅಂದು ಕಾಣಿಸಿತು.

ಪರರ ಮುದ್ರಣಾಲಯವನ್ನು ನೆಚ್ಚಿದರೆ ಈ ಕಾರ್ಯ ಮುಂದೆ ಸಾಗದೆಂದು ಅರಿತ ಅವರು ತಮ್ಮ ಮನೆಯನ್ನೇ ಮಾರಿ 1925ರಲ್ಲಿ ವಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು. ವಾಸಕ್ಕೆ ಬಾಡಿಗೆಯ ಮನೆಯಾಯಿತು. ಗೃಹಸ್ಥರಾದ ನಾವು ಇಲ್ಲಿ ಒಂದು ಗಳಿಗೆ ನಿಲ್ಲಬೇಕು. ಮನೆಯ ಯಜಮಾನನು ವ್ರತ ಹಿಡಿದರೆ ಅದರ ಭಾರವನ್ನು ಮನೆಯವರೆಲ್ಲರೂ ಹೊರಬೇಕಾಗುವುದು. ಹಳಕಟ್ಟಿಯವರ ಕೀರ್ತಿಯನ್ನು ಹಾಡುವಾಗ, ಆ ಬಡತನವನ್ನು ಅವರೊಡನೆ ಉಂಡ ಕುಟುಂಬದವರನ್ನೂ ನೆನೆಯುವುದು ನಮ್ಮ ಧರ್ಮ. ಅವರ ಸೈರಣೆಯೂ ಸೇರಿಯೇ ನಮಗೆ ವಚನಗಳು ದೊರೆತವು.

1926ರಲ್ಲಿ ಶಿವಾನುಭವ ಪತ್ರಿಕೆ ಹುಟ್ಟಿತು. ಮರುವರ್ಷ ನವಕರ್ನಾಟಕ ವಾರಪತ್ರಿಕೆ. 1926ರಲ್ಲಿಯೇ ಬಳ್ಳಾರಿಯಲ್ಲಿ ನೆರೆದ ಕನ್ನಡ ಸಾಹಿತ್ಯ ಸಮ್ಮೇಳನವು ಅವರನ್ನು ಅಧ್ಯಕ್ಷಪೀಠದಲ್ಲಿ ಕುಳ್ಳಿರಿಸಿತು. ಆದರೆ ಮನ್ನಣೆ ಬಂದಿತೆಂದು ಕೊರತೆ ನೀಗಲಿಲ್ಲ. ಬರೆಯುವವರೂ ಅವರೇ, ಕರಡು ತಿದ್ದುವವರೂ ಅವರೇ. ಹೀಗಿದ್ದೂ ಶಿವಾನುಭವವನ್ನು ಅವರು ದಶಕಗಳ ಕಾಲ ನಡೆಸಿದರು. ಅದಕ್ಕೂ ಮುನ್ನವೇ, 1910ರಲ್ಲಿ ವಿಜಾಪುರದ ಲಿಂಗಾಯತ ವಿದ್ಯಾಸಂಸ್ಥೆಯನ್ನೂ 1912ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕನ್ನೂ ಕಟ್ಟಲು ಅವರು ಮುಂದಾಗಿದ್ದರು. ಊರಿಗೆ ಬ್ಯಾಂಕು ಕಟ್ಟಿದವರು ತಮಗೆಂದು ಹಣ ಕೂಡಿಡಲಿಲ್ಲ. ದಾಸೋಹವೆಂಬ ಮಾತಿಗೆ ಇದಕ್ಕಿಂತ ವ್ಯಾಖ್ಯಾನ ಬೇಕೆ?

ನಮ್ಮ ಷಟ್‌ಸ್ಥಲ ಶಾಸ್ತ್ರದಲ್ಲಿ ಭಕ್ತಸ್ಥಲಕ್ಕೆ ಶ್ರದ್ಧಾಭಕ್ತಿ, ಮಾಹೇಶ್ವರಸ್ಥಲಕ್ಕೆ ನಿಷ್ಠಾಭಕ್ತಿ, ಪ್ರಸಾದಿಸ್ಥಲಕ್ಕೆ ಅವಧಾನಭಕ್ತಿ ಎಂದು ಹೇಳಿದೆ. ಕಾಯುವವನಿಗೆ ಈ ಮೂರೂ ಬೇಕು. ಕಾರ್ಯವನ್ನು ಕೈಗೆತ್ತಿಕೊಳ್ಳಲು ಶ್ರದ್ಧೆ ಸಾಕು. ಅಡ್ಡಿ ಬಂದಾಗ ಕೈಬಿಡದಿರಲು ನಿಷ್ಠೆ ಬೇಕು. ಬಂದ ಸುಖವನ್ನೂ ದುಃಖವನ್ನೂ ಪ್ರಸಾದವೆಂದು ಕೈಕೊಂಡು, ಅಂದಂದಿನ ಕೆಲಸವನ್ನು ಎಚ್ಚರದಿಂದ ಮಾಡಲು ಅವಧಾನ ಬೇಕು. ಶ್ರದ್ಧೆಯೊಂದೇ ಇದ್ದವನು ಮೊದಲ ಬರದಲ್ಲಿಯೇ ದೇವರನ್ನು ದೂರುತ್ತಾನೆ. ನಿಷ್ಠೆಯಿದ್ದು ಅವಧಾನವಿಲ್ಲದವನು ಹಟಮಾರಿಯಾಗುತ್ತಾನೆ. ಹಳಕಟ್ಟಿಯವರಲ್ಲಿ ಮೂರೂ ಕೂಡಿದ್ದವು. ಹಿಂದಿರುಗಿದ ಹಸ್ತಪ್ರತಿಯನ್ನು ಅವರು ಶಿವನ ಮುನಿಸೆಂದು ಬಗೆಯಲಿಲ್ಲ. ಬೇರೆ ದಾರಿ ಹುಡುಕಿದರು.

1956ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯವು ಅವರಿಗೆ ಗೌರವ ಡಾಕ್ಟರೇಟನ್ನಿತ್ತು ತಾನು ಗೌರವ ಪಡೆಯಿತು. ನಾಡು ಒಂದಾದುದನ್ನೂ ಅವರು ಕಣ್ಣಾರೆ ಕಂಡರು. 1964ರ ಜೂನ್ 29ರಂದು, ಎಂಬತ್ತನಾಲ್ಕು ತುಂಬಲು ಮೂರು ದಿನಗಳಿರುವಾಗ, ಲಿಂಗೈಕ್ಯರಾದರು. ಸಮಗ್ರ ವಚನ ಸಂಪುಟಗಳು ಸರಕಾರದಿಂದ ಹದಿನೈದು ಸಂಪುಟಗಳಾಗಿ ಹೊರಬಂದುದು ಆ ಬಳಿಕ, 1993ರಲ್ಲಿ. ಅಷ್ಟು ದೊಡ್ಡ ಫಲವನ್ನು ಅವರು ಕಾಣಲಿಲ್ಲ. ಆದರೆ ಆ ತೋಟಕ್ಕೆ ಬಾವಿ ತೋಡಿದವರು ಅವರೇ.

ಮಗಳಿಗೆ ಸಂಬಂಧ ಕೂಡಿಬರಲೆಂದು, ಮಗನಿಗೆ ಉದ್ಯೋಗ ದೊರೆಯಲೆಂದು, ಹಾಸಿಗೆ ಹಿಡಿದವರು ಏಳಲೆಂದು, ಮಳೆ ಬರಲೆಂದು ಕಾಯುತ್ತಿರುವ ಸದ್ಭಕ್ತರು ನಮ್ಮಲ್ಲಿ ಅನೇಕರಿದ್ದಾರೆ. ಇನ್ನೆಷ್ಟು ದಿನ ಎಂಬ ಪ್ರಶ್ನೆ ಏಳುವುದು ತಪ್ಪಲ್ಲ. ಅದಕ್ಕೆ ಪಂಚಾಂಗದಲ್ಲಿ ಉತ್ತರವಿಲ್ಲ. ಬೆಳಗಾದರೆ ಇಷ್ಟಲಿಂಗವನ್ನು ಕರಸ್ಥಲಕ್ಕೆ ತಂದುಕೊಳ್ಳುವುದು, ಆ ದಿನದ ಕಾಯಕವನ್ನು ಆ ದಿನವೇ ಮಾಡುವುದು, ಇದ್ದುದರಲ್ಲಿ ಜಂಗಮಕ್ಕೂ ಹಸಿದವರಿಗೂ ನೀಡುವುದು, ಇಷ್ಟು ನಮ್ಮ ಪಾಲಿನದು. ಮಿಕ್ಕುದು ಅವನದು. ಮುಂದೆ ಯಾರಾದರೂ ವಚನದ ಪುಸ್ತಕವನ್ನು ಕೈಗೆತ್ತಿಕೊಂಡಾಗ, ಅದನ್ನು ನಮ್ಮ ಕೈಗೆ ತಲುಪಿಸಲು ಮನೆ ಮಾರಿ ಕಾದ ಆ ವೃದ್ಧ ವಕೀಲರನ್ನು ಸ್ಮರಿಸಿ ಓದಲಿ. ಅವರಿಗೆ ಶರಣು ಶರಣಾರ್ಥಿ.