ವಾಷಿಂಗ್ಟನ್ ಪಟ್ಟಣದ ನಕ್ಷೆಗಾರನು

ಅಮೇರಿಕ ದೇಶದ ರಾಜಧಾನಿಯಾದ ವಾಷಿಂಗ್ಟನ್ ಪಟ್ಟಣದ ಹೆಸರನ್ನು ನಾವು ಕೇಳಿದ್ದೇವೆ. ಅದರ ಬೀದಿಗಳನ್ನು ಮೊದಲು ಯೋಚಿಸಿ ನಕ್ಷೆ ಬರೆದವನು ಪಿಯೆರ್ ಲಾಂಫಾಂ ಎಂಬ ಪರದೇಶಸ್ಥನು. ಅವನ ಚರಿತ್ರೆಯನ್ನು ಇಲ್ಲಿ ಸಂಕ್ಷೇಪವಾಗಿ ಹೇಳುವೆವು.

ಇವನು 1754ರಲ್ಲಿ ಪ್ಯಾರಿಸ್ ನಗರದ ಒಬ್ಬ ಚಿತ್ರಕಾರನಿಗೆ ಮಗನಾಗಿ ಹುಟ್ಟಿದನು. ಅಮೇರಿಕದವರು ಸ್ವಾತಂತ್ರ್ಯಕ್ಕಾಗಿ ಇಂಗ್ಲಿಷರೊಡನೆ ಕಾದುತ್ತಿರಲಾಗಿ, 1777ರಲ್ಲಿ ಸಮುದ್ರವನ್ನು ದಾಟಿ ಬಂದು ಅವರ ದಂಡಿನಲ್ಲಿ ಇಂಜಿನಿಯರನಾದನು. 1779ರಲ್ಲಿ ಸವಾನ್ನಾ ಊರಿನ ಮುಂದೆ ಗಾಯಪಟ್ಟನು. ಮರುವರುಷ ಚಾರ್ಲ್ಸ್‌ಟನ್ನಿನಲ್ಲಿ ಸೆರೆಸಿಕ್ಕಿದನು.

ಯುದ್ಧವು ತೀರಿದ ಮೇಲೆ, 1791ರಲ್ಲಿ, ಅಧ್ಯಕ್ಷನಾದ ಜಾರ್ಜ್ ವಾಷಿಂಗ್ಟನನು ಪೊಟೋಮ್ಯಾಕ್ ನದಿಯ ತೀರದಲ್ಲಿ ಹೊಸ ರಾಜಧಾನಿಯನ್ನು ಯೋಜಿಸುವ ಕಾರ್ಯವನ್ನು ಇವನಿಗೆ ಒಪ್ಪಿಸಿದನು. ಇವನು ಆ ಹೊಲಕಾಡುಗಳಲ್ಲಿ ತಿರುಗಾಡಿ, ಒಂದು ದಿಬ್ಬದ ಮೇಲೆ ಶಾಸನಸಭೆಯ ಮಂದಿರಕ್ಕೆ ಸ್ಥಳವನ್ನೂ ಅದರಿಂದ ಹೊರಡುವ ವಿಶಾಲವಾದ ಬೀದಿಗಳನ್ನೂ ಗುರುತಿಸಿದನು. ಆದರೆ ಅವನಲ್ಲಿ ತಾಳ್ಮೆಯಿರಲಿಲ್ಲ. ಮೇಲಧಿಕಾರಿಗಳಿಗೆ ಅಧೀನನಾಗಲೊಲ್ಲದೆ, ಬೀದಿಗೆ ಅಡ್ಡವಾಗಿ ಕಟ್ಟುತ್ತಿದ್ದ ಒಬ್ಬ ಭೂಮಾಲಿಕನ ಮನೆಯನ್ನು ಅಪ್ಪಣೆಯಿಲ್ಲದೆ ಕೆಡವಿಸಿದನು. ಆದಕಾರಣ 1792ರಲ್ಲಿ ಅವನ ಉದ್ಯೋಗವು ಹೋಯಿತು. ಆಂಡ್ರೂ ಎಲ್ಲಿಕಾಟನೆಂಬ ಮೋಜಣಿದಾರನು ನಕ್ಷೆಯನ್ನು ತಿದ್ದಿ ಮುಗಿಸಿದನು.

ತನಗೆ ಕೊಡಬಂದ 500 ಗಿನಿಗಳನ್ನು ಅವನು ಸಾಲದೆಂದು ತಳ್ಳಿಬಿಟ್ಟನು. ವರುಷಗಟ್ಟಲೆ ಸರಕಾರಕ್ಕೆ ಅರ್ಜಿ ಬರೆಯುತ್ತಾ ಬಡವನಾಗಿ, 1825ರಲ್ಲಿ ಮೇರಿಲೆಂಡ್ ಸೀಮೆಯಲ್ಲಿ ಸ್ನೇಹಿತರ ಆಶ್ರಯದಲ್ಲಿ ತೀರಿಹೋದನು. ಅಲ್ಲಿಯೇ ಅವನನ್ನು ಹೂಣಿಟ್ಟರು.

1909ರಲ್ಲಿ ಅವನ ಅಸ್ಥಿಗಳನ್ನು ತೆಗೆದು, ಅವನೇ ಸ್ಥಳ ಗುರುತಿಸಿದ ಶಾಸನಸಭೆಯ ಮಂದಿರದಲ್ಲಿ ಗೌರವದಿಂದಿರಿಸಿ, ಪಟ್ಟಣವೆಲ್ಲಾ ಕಾಣುವ ಆರ್ಲಿಂಗ್ಟನ್ ಗುಡ್ಡದಲ್ಲಿ ಸಮಾಧಿಮಾಡಿದರು. ಹಟವು ಅವನ ಅನ್ನವನ್ನು ಕೆಡಿಸಿತು. ಕೈಕೆಲಸವಾದರೋ ಅವನ ತರುವಾಯವೂ ನಿಂತಿತು. ಇವೆರಡನ್ನೂ ನಾವು ಮರೆಯದಿರುವ.